ಎಡಕ್ಕೆ ಬಂದ ಚೆಂಡು

ಮಕ್ಕಳೇ, ಆಟದ ಅವಧಿಯಲ್ಲಿ ಶಾಲೆಯ ಅಂಗಳದಲ್ಲಿ ಇಬ್ಬರು ಶಟಲ್ ಆಡುತ್ತಿದ್ದಾರೆ ಎಂದುಕೊಳ್ಳಿ. ಹುಡುಗಿ ತನ್ನ ಬಲಗಡೆಗೆ ಬಂದ ಶಟಲನ್ನೆಲ್ಲ ‘ಟಪ್’ ಎಂದು ಹಿಂದಕ್ಕೆ ಕಳುಹಿಸುತ್ತಿದ್ದಾಳೆ. ಇದನ್ನು ಗಮನಿಸಿದ ಹುಡುಗ ಒಂದು ಉಪಾಯ ಮಾಡಿ ಶಟಲನ್ನು ಅವಳ ಎಡಗಡೆಗೆ ಹಾಕುತ್ತಾನೆ. ಈಗ ಹುಡುಗಿಗೆ ಗಲಿಬಿಲಿ. ಒಮ್ಮೆ ಎಡಕ್ಕೆ ಓಡಿ, ಶಟಲ್ ತನ್ನ ಬಲಕ್ಕೆ ಬರುವಂತೆ ಮಾಡಿಕೊಂಡು ಹೊಡೆಯುತ್ತಾಳೆ. ಇನ್ನೊಮ್ಮೆ ರ‍್ಯಾಕೆಟನ್ನು ಎಡಗೈಗೆ ಬದಲಾಯಿಸುವಷ್ಟರಲ್ಲಿ ಶಟಲ್ ನೆಲಕ್ಕೆ ಬಿದ್ದಿರುತ್ತದೆ. ಕೊನೆಗೆ, “ಎಡಗಡೆ ಹಾಕಬೇಡ ಕಣೋ, ನನಗೆ ಆ ಕಡೆ ಬರುವುದಿಲ್ಲ” ಎಂದು ಬೇಡಿಕೊಳ್ಳುತ್ತಾಳೆ.

ನಿಮಗೂ ಹೀಗೆ ಆಗಿರಬಹುದು, ಅಲ್ಲವೇ? ಅಂಕಣದ ಅರ್ಧ ಭಾಗ ನಮ್ಮದು, ಉಳಿದರ್ಧ ಎದುರಾಳಿಯದು ಎಂದು ಬಿಟ್ಟುಕೊಟ್ಟ ಹಾಗಾಯಿತು ಇದು. ನಿಜಕ್ಕೂ ನಮ್ಮ ಎಡಬದಿ ಅಷ್ಟು ದುರ್ಬಲವೇ? ಇದರ ಹಿಂದಿರುವ ವಿಜ್ಞಾನವೇನು? ನೋಡೋಣ ಬನ್ನಿ.

ಬ್ಯಾಕ್‌ಹ್ಯಾಂಡ್ ಎಂದರೇನು?

ಬಲಗೈಯಲ್ಲಿ ಆಡುವವರು ಬಲಗಡೆಗೆ ಬಂದ ಚೆಂಡನ್ನು ಹೊಡೆಯುವಾಗ ಅಂಗೈ ಚೆಂಡಿನ ಕಡೆಗೆ ಮುಖಮಾಡಿರುತ್ತದೆ. ಇದು ಫೋರ್‌ಹ್ಯಾಂಡ್ ಹೊಡೆತ. ಎಡಗಡೆಗೆ ಬಂದ ಚೆಂಡನ್ನು ಹೊಡೆಯಲು ಕೈಯನ್ನು ಎದೆಯ ಮುಂದೆ ಅಡ್ಡ ತಂದು, ಕೈಯ ಹಿಂಬದಿ ಮುಂದಾಗುವಂತೆ ಬೀಸಬೇಕು. ಇದು ಬ್ಯಾಕ್‌ಹ್ಯಾಂಡ್ ಹೊಡೆತ. ಟೆನಿಸ್, ಶಟಲ್ ಬ್ಯಾಡ್ಮಿಂಟನ್, ಬಾಲ್ ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ – ಎಲ್ಲದರಲ್ಲಿಯೂ ಈ ಎರಡು ಹೊಡೆತಗಳಿವೆ. ನೀವು ಎಡಗೈಯವರಾಗಿದ್ದರೆ ಈ ಲೇಖನದಲ್ಲಿ ಬಲ ಎಂದಿರುವಲ್ಲಿ ಎಡ ಎಂದೂ, ಎಡ ಎಂದಿರುವಲ್ಲಿ ಬಲ ಎಂದೂ ಓದಿಕೊಳ್ಳಿ.

ಕೈಯ ಹಿಂಬದಿಯನ್ನು ಮುಂದೆ ಮಾಡಿ ಬೀಸುವುದು ನಮಗೆ ಹೊಸದೇನಲ್ಲ. ಜೋಳದ ಹೊಲದಲ್ಲಿ ನಡೆಯುವಾಗ ಅಡ್ಡ ಬಂದ ಗರಿಯನ್ನು ಹೇಗೆ ಸರಿಸುತ್ತೀರಿ? ಮುಖದ ಮುಂದೆ ಹಾರುವ ನೊಣವನ್ನು ಹೇಗೆ ಓಡಿಸುತ್ತೀರಿ? ಎರಡೂ ಬ್ಯಾಕ್‌ಹ್ಯಾಂಡ್ ಚಲನೆಗಳೇ! ಆದರೆ ಅಲ್ಲಿ ಬಲ ಬೇಕಿಲ್ಲ, ಗುರಿಯೂ ಬೇಕಿಲ್ಲ. ಆಟದಲ್ಲಿ ಎರಡೂ ಬೇಕು.

ಕಷ್ಟವೇಕೆ? ಮೂರು ಕಾರಣಗಳು

ಮೊದಲನೆಯದು ಸ್ನಾಯುಗಳು. ಕೈಯನ್ನು ಹೊರಗಿನಿಂದ ಎದೆಯ ಕಡೆಗೆ ಎಳೆಯುವ ಕೆಲಸದಲ್ಲಿ ಎದೆಯ ದೊಡ್ಡ ಸ್ನಾಯು ಮತ್ತು ಭುಜದ ಮುಂಭಾಗದ ಸ್ನಾಯುಗಳು ಸೇರುತ್ತವೆ. ಕೈಯನ್ನು ಎದೆಯಿಂದ ಹೊರಕ್ಕೆ ಬೀಸುವ ಕೆಲಸ ಭುಜದ ಹಿಂಭಾಗದ ಸ್ನಾಯುಗಳದು. ಇವು ಎದೆಯ ಸ್ನಾಯುವಿಗಿಂತ ಚಿಕ್ಕವು. ಮೇಲಾಗಿ ಕಲ್ಲು ಎಸೆಯುವುದು, ತಬ್ಬಿಕೊಳ್ಳುವುದು, ಹೊರೆ ಎತ್ತುವುದು ಮುಂತಾದ ದಿನನಿತ್ಯದ ಕೆಲಸಗಳಲ್ಲಿ ಮುಂಭಾಗದ ಸ್ನಾಯುಗಳಿಗೇ ಹೆಚ್ಚು ಅಭ್ಯಾಸ ಸಿಗುತ್ತದೆ.

ಎರಡನೆಯದು ಹಿಡಿತ. ಫೋರ್‌ಹ್ಯಾಂಡ್‌ನಲ್ಲಿ ರ‍್ಯಾಕೆಟಿನ ಹಿಡಿಯ ಹಿಂದೆ ಇಡೀ ಅಂಗೈ ಆಸರೆಯಾಗಿ ನಿಲ್ಲುತ್ತದೆ. ಹಿಡಿತ ಬದಲಿಸದೆ ಎಡಗಡೆಗೆ ಬೀಸಿದರೆ ಆ ಆಸರೆ ತಪ್ಪುತ್ತದೆ. ಚೆಂಡು ತಾಗಿದಾಗ ರ‍್ಯಾಕೆಟ್ ಹಿಂದಕ್ಕೆ ಜಾರುತ್ತದೆ, ಮಣಿಕಟ್ಟು ಬಾಗುತ್ತದೆ.

ಮೂರನೆಯದು ಸಮಯ. ಒಂದು ಕೋಲು ಹಿಡಿದು ಪಕ್ಕಕ್ಕೆ ತಿರುಗಿ ನಿಂತು ನೋಡಿ. ಫೋರ್‌ಹ್ಯಾಂಡ್ ಹೊಡೆಯುವಾಗ ಬಲಭುಜ ಹಿಂದೆ ಇರುತ್ತದೆ. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ಅದೇ ಭುಜ ಮುಂದೆ ಬರುತ್ತದೆ. ಆದ್ದರಿಂದ ಚೆಂಡನ್ನು ಇನ್ನಷ್ಟು ಮುಂದೆಯೇ ಎದುರಿಸಬೇಕು. ಈ ವ್ಯತ್ಯಾಸ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಚೆಂಡು ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಬರುತ್ತಿದ್ದರೆ, 30 ಸೆಂಟಿಮೀಟರ್ ದಾಟಲು ಅದಕ್ಕೆ ಬೇಕಾದ ಕಾಲ 0.30 ÷ 25 = 0.012 ಸೆಕೆಂಡ್. ಇದು ತೀರಾ ಕಡಿಮೆ ಎನಿಸುತ್ತದೆ. ಆದರೆ ಟೆನಿಸ್ ಚೆಂಡು ರ‍್ಯಾಕೆಟಿಗೆ ಅಂಟಿಕೊಂಡಿರುವುದೇ ಸುಮಾರು 0.005 ಸೆಕೆಂಡ್! ಹಾಗಿರುವಾಗ 0.012 ಸೆಕೆಂಡ್ ತಡವಾದರೆ ಹೊಡೆತ ತಪ್ಪಿದಂತೆಯೇ.

ಗಮನಿಸಿ: ಈ ಮೂರರಲ್ಲಿ ಯಾವುದೂ ಸರಿಪಡಿಸಲಾಗದ ದೋಷವಲ್ಲ. ಸ್ನಾಯುವನ್ನು ಬಲಪಡಿಸಬಹುದು. ಹಿಡಿತವನ್ನು ಬದಲಿಸಬಹುದು. ಬೇಗ ಸಿದ್ಧರಾಗುವುದನ್ನು ಕಲಿಯಬಹುದು. ಅಷ್ಟೇ ಅಲ್ಲ, ಬ್ಯಾಕ್‌ಹ್ಯಾಂಡ್‌ಗೆ ಒಂದು ಅನುಕೂಲವೂ ಇದೆ. ಫೋರ್‌ಹ್ಯಾಂಡ್‌ನಲ್ಲಿ ಬೀಸಿದ ಕೈಗೆ ಕೊನೆಯಲ್ಲಿ ನಮ್ಮ ಮೈಯೇ ಅಡ್ಡ ಬರುತ್ತದೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಕೈ ಮೈಯಿಂದ ದೂರಕ್ಕೆ ಬಿಚ್ಚಿಕೊಳ್ಳುವುದರಿಂದ ಅದಕ್ಕೆ ಅಡ್ಡಿಯೇ ಇಲ್ಲ.

ಮಾಡಿ ನೋಡಿ – 1: ತಿರುಗುವ ಮುಂಗೈ

ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗವೇ ಮುಂಗೈ. ಇದರಲ್ಲಿ ರೇಡಿಯಸ್ ಮತ್ತು ಅಲ್ನಾ ಎಂಬ ಎರಡು ಮೂಳೆಗಳಿವೆ. ಬಲಗೈಯ ಮೊಣಕೈಯನ್ನು ಮೇಜಿನ ಮೇಲೆ ಊರಿ. ಎಡಗೈಯಿಂದ ಬಲ ಮುಂಗೈಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಈಗ ಬಲ ಅಂಗೈಯನ್ನು ಮೇಲ್ಮುಖವಾಗಿ, ನಂತರ ಕೆಳಮುಖವಾಗಿ ತಿರುಗಿಸಿ. ಒಳಗೆ ಮೂಳೆ ಚಲಿಸುವುದು ಬೆರಳುಗಳಿಗೆ ತಿಳಿಯುತ್ತದೆ. ಅಂಗೈ ಮೇಲಿದ್ದಾಗ ಎರಡೂ ಮೂಳೆಗಳು ಅಕ್ಕಪಕ್ಕದಲ್ಲಿ ಸಮಾನಾಂತರವಾಗಿರುತ್ತವೆ. ಅಂಗೈ ಕೆಳಗಾದಾಗ ರೇಡಿಯಸ್ ಮೂಳೆಯು ಅಲ್ನಾದ ಮೇಲೆ ಅಡ್ಡ ಹಾಯುತ್ತದೆ.

ಈಗ ಬಲಗೈಯಲ್ಲಿ ಒಂದು ಅಡಿಕೋಲನ್ನು ಹಿಡಿಯಿರಿ. ಮೊದಲು ಅಡಿಕೋಲು ಮುಂಗೈಗೆ ನೇರವಾಗಿರಲಿ. ಮುಂಗೈಯನ್ನು ತಿರುಗಿಸಿ. ಅಡಿಕೋಲಿನ ತುದಿ ಇದ್ದಲ್ಲಿಯೇ ಹೊರಳುತ್ತದೆ. ನಂತರ ಅಡಿಕೋಲನ್ನು ಮುಂಗೈಗೆ ಅಡ್ಡವಾಗಿ, ಕೋನ ಮಾಡಿ ಹಿಡಿದು ಅಷ್ಟೇ ತಿರುಗಿಸಿ. ಈಗ ತುದಿ ದೊಡ್ಡ ಕಂಸವನ್ನು ಎಳೆಯುತ್ತದೆ! ಬಾಗಿಲಿನ ಕೀಲಿನ ಹತ್ತಿರದ ಭಾಗ ನಿಧಾನವಾಗಿಯೂ ಅಂಚಿನ ಭಾಗ ವೇಗವಾಗಿಯೂ ಚಲಿಸುವಂತೆ, ತಿರುಗುವ ಅಕ್ಷದಿಂದ ದೂರವಿದ್ದಷ್ಟೂ ತುದಿಯ ವೇಗ ಹೆಚ್ಚು.

ಶಟಲ್ ಬ್ಯಾಡ್ಮಿಂಟನ್: ಹೆಬ್ಬೆರಳಿನ ಗುಟ್ಟು

ನೀವು ಈಗ ಮಾಡಿದ್ದು ಶಟಲ್ ಆಟದ ಬ್ಯಾಕ್‌ಹ್ಯಾಂಡ್ ಹೊಡೆತದ ತಿರುಳು. ಶಟಲ್‌ನ ತೂಕ ಕೇವಲ 4.74ರಿಂದ 5.50 ಗ್ರಾಂ. ಟೆನಿಸ್ ಚೆಂಡು ಇದರ ಸುಮಾರು 11 ಪಟ್ಟು ಭಾರ. ಹಗುರವಾದ ಶಟಲನ್ನು ಕಳುಹಿಸಲು ಇಡೀ ತೋಳನ್ನು ದೊಡ್ಡದಾಗಿ ಬೀಸಬೇಕಿಲ್ಲ. ಮುಂಗೈಯನ್ನು ಥಟ್ಟನೆ ತಿರುಗಿಸಿದರೆ ಬಹಳಷ್ಟು ಕೆಲಸ ಆಗುತ್ತದೆ. ಬಲಗೈಯವರು ಸ್ಕ್ರೂವನ್ನು ಬಿಗಿ ಮಾಡುವಾಗ ಮುಂಗೈಯನ್ನು ಯಾವ ದಿಕ್ಕಿಗೆ ತಿರುಗಿಸುತ್ತಾರೋ ಬ್ಯಾಕ್‌ಹ್ಯಾಂಡ್‌ನಲ್ಲಿಯೂ ಅದೇ ದಿಕ್ಕಿಗೆ ತಿರುಗಿಸುತ್ತಾರೆ.

ರ‍್ಯಾಕೆಟಿನ ಹಿಡಿಯನ್ನು ಗಮನಿಸಿ. ಅದು ದುಂಡಗಿಲ್ಲ, ಅದಕ್ಕೆ 8 ಮುಖಗಳಿವೆ. ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ಹೆಬ್ಬೆರಳನ್ನು ಹಿಡಿಯ ಅಗಲವಾದ ಮುಖದ ಮೇಲೆ ಚಪ್ಪಟೆಯಾಗಿ ಇಡುತ್ತಾರೆ. ಅಂಗೈ ಕೊಡುತ್ತಿದ್ದ ಆಸರೆಯನ್ನು ಈಗ ಹೆಬ್ಬೆರಳು ಕೊಡುತ್ತದೆ. ಹಿಡಿತ ಮೊದಲು ಸಡಿಲವಾಗಿದ್ದು, ಶಟಲ್ ತಾಗುವ ಕ್ಷಣದಲ್ಲಿ ಮಾತ್ರ ಬಿಗಿಯಾಗಬೇಕು.

ಇಂಡೋನೇಷ್ಯಾದ ತೌಫಿಕ್ ಹಿದಾಯತ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವರು, 2005ರಲ್ಲಿ ವಿಶ್ವ ಚಾಂಪಿಯನ್ ಆದವರು. ಬೇರೆಯವರು ಕಷ್ಟಪಟ್ಟು ಶಟಲನ್ನು ದಾಟಿಸುವ ಎಡಮೂಲೆಯಿಂದ ಅವರು ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್ ಹೊಡೆಯುತ್ತಿದ್ದರು. ಅಂದಮೇಲೆ ಎಡಬದಿ ದುರ್ಬಲ ಎನ್ನುವ ಹಾಗಿಲ್ಲ!

ಒಂದು ಮಾತು ನಿಜ. ಸಮಯವಿದ್ದಾಗ ದೊಡ್ಡ ಆಟಗಾರರೂ ಸರಿದು ನಿಂತು, ತಲೆಯ ಮೇಲಿಂದ ಫೋರ್‌ಹ್ಯಾಂಡ್ ಹೊಡೆಯುತ್ತಾರೆ. ಹಾಗೆ ಮಾಡುವುದು ತಪ್ಪಲ್ಲ. ಆದರೆ ಸಮಯವಿಲ್ಲದಾಗ? ಆಗ ಬ್ಯಾಕ್‌ಹ್ಯಾಂಡ್ ಬಂದವರು ಮಾತ್ರ ಆಟದಲ್ಲಿ ಉಳಿಯುತ್ತಾರೆ.

ಟೆನಿಸ್: ಎರಡು ಕೈಗಳ ಕಥೆ

ಟೆನಿಸ್ ಚೆಂಡಿನ ತೂಕ ಸುಮಾರು 57 ಗ್ರಾಂ. ಇದಕ್ಕೆ ಮುಂಗೈ ಒಂದೇ ಸಾಲದು. ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ನಂತರ ಎದೆ, ಭುಜ, ತೋಳು, ಕೊನೆಗೆ ರ‍್ಯಾಕೆಟ್. ಚಾವಟಿ ಬೀಸಿದಂತೆ ಒಂದರಿಂದ ಇನ್ನೊಂದಕ್ಕೆ ವೇಗ ದಾಟುತ್ತಾ ಹೋಗುತ್ತದೆ. ಈ ಸರಪಳಿಯ ಒಂದು ಕೊಂಡಿ ಕೈಕೊಟ್ಟರೂ ಹೊಡೆತ ಸಪ್ಪೆಯಾಗುತ್ತದೆ.

ಬಹಳ ಕಾಲ ಟೆನಿಸ್‌ನಲ್ಲಿ ಬ್ಯಾಕ್‌ಹ್ಯಾಂಡ್ ಎಂದರೆ ಒಂದೇ ಕೈ ಎನ್ನುವಂತಿತ್ತು. ಆಸ್ಟ್ರೇಲಿಯಾದ ವಿವಿಯನ್ ಮೆಕ್‌ಗ್ರಾ ಎರಡು ಕೈಗಳಿಂದ ಬ್ಯಾಕ್‌ಹ್ಯಾಂಡ್ ಹೊಡೆದ ಮೊದಲ ಪ್ರಮುಖ ಆಟಗಾರರಲ್ಲಿ ಒಬ್ಬರು. 1937ರಲ್ಲಿ ಅವರು ತಮ್ಮ ದೇಶದ ಚಾಂಪಿಯನ್ ಆದರು. ಆದರೂ ಆ ಹೊಡೆತ ಹೆಚ್ಚು ಹರಡಲಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ಕ್ರಿಸ್ ಎವರ್ಟ್ ಎಂಬ ಪುಟ್ಟ ಹುಡುಗಿ ಟೆನಿಸ್ ಕಲಿಯತೊಡಗಿದಳು. ಅವಳ ತಂದೆಯೇ ತರಬೇತುದಾರರು. ಆಗಿನ ಮರದ ರ‍್ಯಾಕೆಟ್ ಇಂದಿನ ರ‍್ಯಾಕೆಟಿಗಿಂತ ಭಾರ. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಬೀಸುವಷ್ಟು ಶಕ್ತಿ ಅವಳಿಗಿರಲಿಲ್ಲ. ಅದಕ್ಕಾಗಿ ಎಡಗೈಯನ್ನೂ ಜೊತೆಗೆ ಸೇರಿಸಿಕೊಂಡಳು. ಶಕ್ತಿ ಬಂದ ಮೇಲೆ ಒಂದೇ ಕೈಗೆ ಬದಲಾಗಬಹುದೆಂದು ತಂದೆ ಎಣಿಸಿದ್ದರು. ಆದರೆ ಆಕೆ ಎರಡು ಕೈಗಳ ಹೊಡೆತವನ್ನೇ ಉಳಿಸಿಕೊಂಡರು. ಮುಂದೆ ಅವರು 18 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳನ್ನು ಗೆದ್ದರು! 1970ರ ದಶಕದಲ್ಲಿ ಎವರ್ಟ್, ಸ್ವೀಡನ್ನಿನ ಬ್ಯೋನ್ ಬೋರ್ಗ್ ಮತ್ತು ಅಮೆರಿಕದ ಜಿಮ್ಮಿ ಕಾನರ್ಸ್ ಗೆಲ್ಲುತ್ತಾ ಹೋದಂತೆ ಲೋಕದ ಮಕ್ಕಳೆಲ್ಲ ಎರಡು ಕೈಗಳ ಬ್ಯಾಕ್‌ಹ್ಯಾಂಡ್ ಕಲಿಯತೊಡಗಿದರು. ಪುಟ್ಟ ಹುಡುಗಿಯೊಬ್ಬಳ ಕೊರತೆಯೇ ಹೊಸ ದಾರಿಗೆ ಕಾರಣವಾಯಿತು ನೋಡಿ.

ಎರಡು ಕೈ ಸೇರಿದಾಗ ಏನಾಗುತ್ತದೆ? ಎಡಗೈಯ ಅಂಗೈ ರ‍್ಯಾಕೆಟಿನ ಹಿಂದೆ ಬರುತ್ತದೆ. ಅಂದರೆ ಇದು ಎಡಗೈಯ ಫೋರ್‌ಹ್ಯಾಂಡ್ ಇದ್ದಂತೆ! ಚೆಂಡಿನ ಹೊಡೆತಕ್ಕೆ ರ‍್ಯಾಕೆಟ್ ಅಲುಗುವುದು ಕಡಿಮೆ. ಚೆಂಡನ್ನು ಸ್ವಲ್ಪ ತಡವಾಗಿಯೂ ಎದುರಿಸಬಹುದು. ಆದರೆ ಇದಕ್ಕೂ ಬೆಲೆ ಕೊಡಬೇಕು. ಒಂದು ಕೋಲನ್ನು ಎರಡೂ ಕೈಗಳಿಂದ ಹಿಡಿದು ಎಡಕ್ಕೆ ಎಷ್ಟು ದೂರ ಚಾಚಬಲ್ಲಿರಿ ಎಂದು ಅಳೆಯಿರಿ. ನಂತರ ಬಲಗೈ ಒಂದರಲ್ಲೇ ಹಿಡಿದು ಚಾಚಿ ಅಳೆಯಿರಿ. ಯಾವುದು ಹೆಚ್ಚು? ದೂರದ ಚೆಂಡಿಗೆ ಒಂದು ಕೈಯೇ ಮೇಲು.

ಒಂದು ಕೈಯ ಬ್ಯಾಕ್‌ಹ್ಯಾಂಡ್ ಈಗ ಅಪರೂಪವಾಗುತ್ತಿದೆ. ಪುರುಷರ ಟೆನಿಸ್‌ನಲ್ಲಿ ಕಂಪ್ಯೂಟರ್ ಶ್ರೇಯಾಂಕ ಪಟ್ಟಿ ಆರಂಭವಾದದ್ದು 1973ರಲ್ಲಿ. ಆ ಪಟ್ಟಿಯ ಮೊದಲ ಹತ್ತು ಸ್ಥಾನಗಳಲ್ಲಿ ಒಂದು ಕೈಯ ಬ್ಯಾಕ್‌ಹ್ಯಾಂಡ್ ಆಟಗಾರರು ಒಬ್ಬರೂ ಇಲ್ಲದ ದಿನ ಮೊದಲ ಬಾರಿಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ಆದರೆ ಅದಕ್ಕೆ ಒಂದು ತಿಂಗಳು ಮೊದಲು, 2024ರ ಜನವರಿಯಲ್ಲಿ, ನಮ್ಮ ಕೊಡಗಿನ ರೋಹನ್ ಬೋಪಣ್ಣ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. ಆಗ ಅವರ ವಯಸ್ಸು 43. ಅವರದು ಒಂದು ಕೈಯ ಬ್ಯಾಕ್‌ಹ್ಯಾಂಡ್!

ನಿಮಗೆ ಗೊತ್ತೇ?

ಸ್ಪೇನಿನ ರಫೇಲ್ ನಡಾಲ್ ಎಡಗೈ ಆಟಗಾರರೆಂದು ಪ್ರಸಿದ್ಧರು. ಆದರೆ ಅವರು ಹಲವು ದಿನನಿತ್ಯದ ಕೆಲಸಗಳನ್ನು ಮಾಡುವುದು ಬಲಗೈಯಲ್ಲಿ! ಅವರ ಎರಡು ಕೈಗಳ ಬ್ಯಾಕ್‌ಹ್ಯಾಂಡ್‌ನಲ್ಲಿ ಹಿಂದಿನಿಂದ ತಳ್ಳುವ ಕೈ ಬಲಗೈ.

ಚೆಂಡು ಏಕೆ ಬಾಗುತ್ತದೆ?

ರ‍್ಯಾಕೆಟನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿದಂತೆ ಬೀಸಿದರೆ ಚೆಂಡು ಮುಂದಕ್ಕೆ ಉರುಳುವಂತೆ ತಿರುಗುತ್ತಾ ಹೋಗುತ್ತದೆ. ಇದು ಟಾಪ್ ಸ್ಪಿನ್. ಮೇಲಿನಿಂದ ಕೆಳಕ್ಕೆ ಸವರಿದಂತೆ ಬೀಸಿದರೆ ಚೆಂಡು ಹಿಮ್ಮುಖವಾಗಿ ತಿರುಗುತ್ತದೆ. ಇದು ಸ್ಲೈಸ್.

ತಿರುಗುವ ಚೆಂಡು ತನ್ನ ಮೈಗೆ ತಾಗಿದ ಗಾಳಿಯನ್ನು ತನ್ನೊಡನೆ ಸ್ವಲ್ಪ ಎಳೆದುಕೊಳ್ಳುತ್ತದೆ. ಟಾಪ್ ಸ್ಪಿನ್ ಇದ್ದಾಗ ಚೆಂಡಿನ ಹಿಂದೆ ಗಾಳಿ ಮೇಲ್ಮುಖವಾಗಿ ತಿರುಗುತ್ತದೆ. ಚೆಂಡು ಗಾಳಿಯನ್ನು ಮೇಲಕ್ಕೆ ತಳ್ಳಿದರೆ ಗಾಳಿ ಚೆಂಡನ್ನು ಕೆಳಕ್ಕೆ ತಳ್ಳಬೇಕಲ್ಲವೇ? ನ್ಯೂಟನ್ನರ ಮೂರನೆಯ ನಿಯಮ ಹೇಳುವುದು ಇದನ್ನೇ. ಹೀಗಾಗಿ ಜೋರಾಗಿ ಹೊಡೆದ ಚೆಂಡೂ ಬೇಗ ಇಳಿದು ಅಂಕಣದ ಒಳಗೇ ಬೀಳುತ್ತದೆ. ಸ್ಲೈಸ್‌ನಲ್ಲಿ ಇದಕ್ಕೆ ವಿರುದ್ಧ: ಚೆಂಡು ತೇಲಿದಂತೆ ಸಾಗಿ, ನೆಲಕ್ಕೆ ಬಿದ್ದ ಮೇಲೆ ಹೆಚ್ಚು ಏಳದೆ ತಗ್ಗಿನಲ್ಲೇ ಜಾರುತ್ತದೆ. ಜರ್ಮನಿಯ ಸ್ಟೆಫಿ ಗ್ರಾಫ್ ತಮ್ಮ ಒಂದು ಕೈಯ ಸ್ಲೈಸ್ ಬ್ಯಾಕ್‌ಹ್ಯಾಂಡ್‌ನಿಂದ ಎದುರಾಳಿಗಳನ್ನು ಬಗ್ಗಿ ಬಗ್ಗಿ ಆಡುವಂತೆ ಮಾಡುತ್ತಿದ್ದರು.

ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗುವುದನ್ನು ನ್ಯೂಟನ್ ಕೂಡ ಗಮನಿಸಿದ್ದರು. 1672ರಲ್ಲಿ ಬೆಳಕಿನ ಬಗ್ಗೆ ಬರೆದ ಪತ್ರದಲ್ಲಿ ಅವರು ಇದನ್ನು ಪ್ರಸ್ತಾಪಿಸಿದ್ದಾರೆ. ಈ ಪರಿಣಾಮಕ್ಕೆ ಈಗ 19ನೆಯ ಶತಮಾನದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್ ಅವರ ಹೆಸರಿದೆ.

ಮಾಡಿ ನೋಡಿ – 2: ಬಾಗುವ ಕಾಗದದ ಕೊಳವೆ

ನೋಟ್‌ಬುಕ್ಕಿನ ಒಂದು ಹಾಳೆಯನ್ನು ಸುಮಾರು 4 ಸೆಂಟಿಮೀಟರ್ ವ್ಯಾಸದ ಕೊಳವೆಯಾಗಿ ಸುತ್ತಿ ಅಂಟಿಸಿ. ಮೇಜಿನ ಮೇಲೆ ಪುಸ್ತಕಗಳನ್ನಿಟ್ಟು, ಹಲಗೆಯೊಂದನ್ನು ಇಳಿಜಾರಾಗಿ ಮೇಜಿನ ಅಂಚಿನವರೆಗೆ ಜೋಡಿಸಿ. ಫ್ಯಾನ್ ಇದ್ದರೆ ಆರಿಸಿ. ಕೊಳವೆಯನ್ನು ಹಲಗೆಯ ಮೇಲಿಂದ ಉರುಳಲು ಬಿಡಿ. ಅದು ಎಲ್ಲಿ ಬೀಳಬಹುದೆಂದು ಮೊದಲೇ ಊಹಿಸಿ. ಮುಂದಕ್ಕೆ ಹೋಗಿ ಬೀಳಬೇಕಾದ ಕೊಳವೆ ಮೇಜಿನ ಕಡೆಗೇ ಹಿಂದಿರುಗಿ ಬಾಗುತ್ತದೆ! ಕೊಳವೆಯೂ ಟಾಪ್ ಸ್ಪಿನ್ ಚೆಂಡಿನಂತೆ ಮುಂದಕ್ಕೆ ಉರುಳುತ್ತಿತ್ತು ಎಂಬುದನ್ನು ನೆನಪಿಡಿ.

ಟೇಬಲ್ ಟೆನಿಸ್: ಬಳಸದೆ ಬಿಟ್ಟ ಮುಖ

ಚೀನಾ, ಜಪಾನ್ ಮತ್ತು ಕೊರಿಯಾದ ಅನೇಕ ಆಟಗಾರರು ಟೇಬಲ್ ಟೆನಿಸ್ ಬ್ಯಾಟನ್ನು ಪೆನ್ನು ಹಿಡಿದಂತೆ ಹಿಡಿಯುತ್ತಿದ್ದರು. ಹಿಂದೆ ಅವರು ಎರಡೂ ಬದಿಯ ಚೆಂಡನ್ನು ಬ್ಯಾಟಿನ ಒಂದೇ ಮುಖದಿಂದ ಹೊಡೆಯುತ್ತಿದ್ದರು. ಇದರಿಂದ ಎಡಬದಿಯ ಹೊಡೆತಕ್ಕೆ ಬಲ ಸಾಲುತ್ತಿರಲಿಲ್ಲ. 1990ರ ದಶಕದಲ್ಲಿ ಚೀನಾದವರು ಯೋಚಿಸಿದರು: ಬ್ಯಾಟಿಗೆ ಇನ್ನೊಂದು ಮುಖ ಇದೆಯಲ್ಲ, ಅದನ್ನೇಕೆ ಬಳಸಬಾರದು? ಲಿಯು ಗುವೊಲಿಯಾಂಗ್ ಆ ಮುಖವನ್ನೂ ಬಳಸಿದ ಮೊದಲಿಗರಲ್ಲಿ ಒಬ್ಬರು. ಅವರು 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದರು. ಮುಂದೆ ವಾಂಗ್ ಹಾವೊ ಆ ಹೊಡೆತವನ್ನೇ ತನ್ನ ಮುಖ್ಯ ಅಸ್ತ್ರ ಮಾಡಿಕೊಂಡು 2009ರಲ್ಲಿ ವಿಶ್ವ ಚಾಂಪಿಯನ್ ಆದರು. ದುರ್ಬಲ ಎಂದುಕೊಂಡದ್ದು ಬಳಸದೆ ಬಿಟ್ಟದ್ದಾಗಿತ್ತು, ಅಷ್ಟೇ.

ಮೊಣಕೈ ಜೋಪಾನ

ಮಣಿಕಟ್ಟನ್ನು ಬಾಗಿಸಿ, ತಡವಾಗಿ ಬ್ಯಾಕ್‌ಹ್ಯಾಂಡ್ ಹೊಡೆಯುತ್ತಿದ್ದರೆ ಚೆಂಡಿನ ಪೆಟ್ಟೆಲ್ಲ ಮುಂಗೈಯ ಸ್ನಾಯುಗಳಿಗೆ ಬೀಳುತ್ತದೆ. ಈ ಸ್ನಾಯುಗಳು ಮೊಣಕೈಯ ಹೊರಬದಿಯ ಮೂಳೆಗೆ ಅಂಟಿಕೊಂಡಿವೆ. ಅಲ್ಲಿ ಬರುವ ನೋವಿಗೆ ‘ಟೆನಿಸ್ ಎಲ್ಬೋ’ ಎಂದು ಹೆಸರು. ಹೆಸರು ಟೆನಿಸ್‌ನದಾದರೂ ಈ ನೋವು ಬರುವವರಲ್ಲಿ ಹೆಚ್ಚಿನವರು ಟೆನಿಸ್ ಆಡದವರೇ. ಬಡಗಿಗಳು, ಬಣ್ಣ ಬಳಿಯುವವರು ಮುಂತಾಗಿ ಒಂದೇ ಕೆಲಸವನ್ನು ಕೈಯಿಂದ ಮತ್ತೆ ಮತ್ತೆ ಮಾಡುವವರಿಗೆ ಇದು ಬರುತ್ತದೆ. ಆಡುವಾಗ ನೋವಾದರೆ ಸಹಿಸಿಕೊಂಡು ಆಡಬೇಡಿ. ಆಟ ನಿಲ್ಲಿಸಿ, ಶಿಕ್ಷಕರಿಗೆ ತಿಳಿಸಿ.

ಹತ್ತು ದಿನಗಳ ಪ್ರಯೋಗ

ಇದುವರೆಗೆ ಹೇಳಿದ್ದನ್ನು ಸುಮ್ಮನೆ ನಂಬಬೇಡಿ, ಪರೀಕ್ಷಿಸಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ 1 ಮೀಟರ್ ವ್ಯಾಸದ ವೃತ್ತ ಬರೆಯಿರಿ. 3 ಮೀಟರ್ ದೂರದಲ್ಲಿ ನಿಲ್ಲಿ. ರ‍್ಯಾಕೆಟ್ ಇಲ್ಲದಿದ್ದರೆ ಕೈಗೆ ಹಗುರವಾದ ಮರದ ಹಲಗೆಯಾದರೂ ಸಾಕು. ಗೆಳತಿ ಅಥವಾ ಗೆಳೆಯ ರಬ್ಬರ್ ಚೆಂಡನ್ನು ನಿಮ್ಮ ಪಕ್ಕಕ್ಕೆ ಒಂದು ಪುಟ ಬೀಳುವಂತೆ ಎಸೆಯಲಿ. 10 ಫೋರ್‌ಹ್ಯಾಂಡ್, 10 ಬ್ಯಾಕ್‌ಹ್ಯಾಂಡ್ ಹೊಡೆಯಿರಿ. ವೃತ್ತದೊಳಗೆ ಬಿದ್ದವೆಷ್ಟು ಎಂದು ಬರೆದಿಡಿ.

ದೂರ, ಚೆಂಡು, ಹಲಗೆ, ಎಸೆಯುವವರು – ಯಾವುದನ್ನೂ ಬದಲಿಸಬೇಡಿ. ಕೈ ದಣಿದರೆ ಎರಡನೆಯ ಹೊಡೆತಕ್ಕೆ ಅನ್ಯಾಯವಾಗುತ್ತದೆ. ಆದ್ದರಿಂದ ಒಂದು ದಿನ ಫೋರ್‌ಹ್ಯಾಂಡ್ ಮೊದಲು, ಮರುದಿನ ಬ್ಯಾಕ್‌ಹ್ಯಾಂಡ್ ಮೊದಲು ಮಾಡಿ. ಲೆಕ್ಕ ಬರೆದ ಮೇಲೆ ಪ್ರತಿದಿನ ಹದಿನೈದು ನಿಮಿಷ ಬ್ಯಾಕ್‌ಹ್ಯಾಂಡ್ ಅಭ್ಯಾಸ ಮಾಡಿ: ಪಕ್ಕಕ್ಕೆ ತಿರುಗಿ, ಬೇಗ ಸಿದ್ಧರಾಗಿ, ಚೆಂಡನ್ನು ಮೈಯ ಮುಂದೆ ಎದುರಿಸಿ, ಮಣಿಕಟ್ಟು ಬಾಗದಿರಲಿ. ಹತ್ತು ದಿನಗಳ ಅಂಕಿಗಳಿಂದ ನಕ್ಷೆ ಬರೆಯಿರಿ. ಎರಡು ಗೆರೆಗಳ ನಡುವಿನ ಅಂತರ ಹೇಗೆ ಬದಲಾಯಿತು? ಬದಲಾಗದಿದ್ದರೆ ಅದನ್ನೂ ಇದ್ದ ಹಾಗೆ ಬರೆಯಿರಿ. ಹತ್ತು ದಿನ ಸಾಲದೇನೋ ಎಂದು ಯೋಚಿಸಿ, ಮುಂದುವರಿಸಿ.

“ನನಗೆ ಆ ಕಡೆ ಬರುವುದಿಲ್ಲ” ಎಂದಳಲ್ಲ ನಮ್ಮ ಹುಡುಗಿ? ಅದು ಪೂರ್ತಿ ಸರಿಯಲ್ಲ. “ಆ ಕಡೆ ನಾನಿನ್ನೂ ಕಲಿತಿಲ್ಲ” ಎನ್ನುವುದು ಸರಿ. ಮುಂದಿನ ಸಲ ಎಡಗಡೆಗೆ ಶಟಲ್ ಬಂದಾಗ ಓಡಬೇಡಿ. ಹೆಬ್ಬೆರಳನ್ನು ಹಿಡಿಯ ಅಗಲ ಮುಖದ ಮೇಲಿಟ್ಟು ಒಮ್ಮೆ ಬೀಸಿ ನೋಡಿ.

ಯೋಚಿಸಿ, ಉತ್ತರಿಸಿ

1. ಫೋರ್‌ಹ್ಯಾಂಡ್‌ಗಿಂತ ಒಂದು ಕೈಯ ಬ್ಯಾಕ್‌ಹ್ಯಾಂಡ್‌ನಲ್ಲಿ ಚೆಂಡನ್ನು ಮುಂದೆಯೇ ಎದುರಿಸಬೇಕು. ಏಕೆ?
2. ಸೆಕೆಂಡಿಗೆ 20 ಮೀಟರ್ ವೇಗದ ಚೆಂಡು 40 ಸೆಂಟಿಮೀಟರ್ ಸಾಗಲು ಎಷ್ಟು ಕಾಲ ಬೇಕು?
3. ಎರಡು ಕೈಗಳ ಬ್ಯಾಕ್‌ಹ್ಯಾಂಡ್‌ನ ಒಂದು ಅನುಕೂಲ ಮತ್ತು ಒಂದು ಅನನುಕೂಲ ತಿಳಿಸಿ.
4. ಕೈಯ ಹಿಂಬದಿಯನ್ನು ಮುಂದೆ ಮಾಡಿ ಬೀಸುವ ಇನ್ನೂ ಮೂರು ಕೆಲಸಗಳನ್ನು ಮನೆಯಲ್ಲಿ, ಹೊಲದಲ್ಲಿ ಗುರುತಿಸಿ.